ಚೆಂಬೂರಿನಿಂದ ಮಂಗಳೂರಿಗೆ ಎಂಟೇ ನಿಮಿಷ

ಚೆಂಬೂರಿನ ಪಕ್ಕದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದವರು ಮಂಗಳೂರಿನಲ್ಲಿ ಇಳಿಯುವುದು ಮರುದಿನ ಬೆಳಿಗ್ಗೆ. ನೇರ ಗೆರೆ ಎಳೆದರೆ ದೂರ ಸುಮಾರು 700 ಕಿ.ಮೀ. ಸಮುದ್ರದ ನೀರಿನಲ್ಲಿ ಶಬ್ದ ಅಷ್ಟು ದೂರ ಓಡಲು ಎಂಟು ನಿಮಿಷವೂ ಬೇಡ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಸಾಗುವ ಶಬ್ದಕ್ಕೆ ನೀರಿನಲ್ಲಿ 1,500 ಮೀಟರ್ ವೇಗ.

ಇದು ಬರೀ ವೇಗದ ಲೆಕ್ಕ. ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಶಬ್ದ ಬೇಗ ಸೊರಗುತ್ತದೆ. ಆಳ ಸಮುದ್ರದಲ್ಲಾದರೋ ನೀಲಿ ತಿಮಿಂಗಿಲದ ದನಿ ನೂರಾರು ಕಿಲೋಮೀಟರ್ ಆಚೆಗೂ ಮುಟ್ಟುತ್ತದೆ. ಆ ದನಿ 100 ಹರ್ಟ್ಸ್‌ಗಿಂತ ಕೆಳಗಿನದು. ದೊಡ್ಡ ಹಡಗಿನ ಗದ್ದಲದ ಬಹುಪಾಲೂ ಅದೇ ಶ್ರೇಣಿಯಲ್ಲಿ, ಹಾಗಾಗಿ ಆ ದನಿಯನ್ನು ಅದು ಮುಚ್ಚಿಬಿಡುತ್ತದೆ. ಪ್ರೊಪೆಲ್ಲರ್ ರಭಸದಿಂದ ತಿರುಗಿದಾಗ ನೀರಿನಲ್ಲಿ ಗುಳ್ಳೆಗಳೆದ್ದು ಸಿಡಿಯುತ್ತವೆ. ಗದ್ದಲ ಹುಟ್ಟುವುದು ಮುಖ್ಯವಾಗಿ ಅದರಿಂದ.

ಕ್ಯಾಲಿಫೋರ್ನಿಯಾದ ಸಾನ್ ನಿಕೊಲಾಸ್ ದ್ವೀಪದ ಬಳಿ 1960ರ ದಶಕದಲ್ಲಿ ಅಳೆದಿದ್ದ ಸಮುದ್ರದ ಸದ್ದನ್ನೇ ನಲವತ್ತು ವರ್ಷದ ನಂತರ ಮತ್ತೆ ಅಳೆದರು. ಏರಿಕೆ 10ರಿಂದ 12 ಡೆಸಿಬಲ್. ಓದಲು ಸಣ್ಣ ಸಂಖ್ಯೆ, ಆದರೆ ಡೆಸಿಬಲ್‌ನದು ಮೋಸದ ಲೆಕ್ಕ: ಶಬ್ದದ ಶಕ್ತಿ ಹತ್ತರಿಂದ ಹದಿನಾರು ಪಟ್ಟು ಹೆಚ್ಚಿತ್ತು!

ನಮ್ಮ ಚೆಂಬೂರಿಗೂ ಈ ಗದ್ದಲದಲ್ಲಿ ಪಾಲಿದೆ. ಪಕ್ಕದ ಮಾಹುಲ್‌ನ ಎರಡು ತೈಲ ಸಂಸ್ಕರಣಾಗಾರಗಳ ವಾರ್ಷಿಕ ಸಾಮರ್ಥ್ಯ ಒಟ್ಟು ಎರಡು ಕೋಟಿ ಟನ್ನಿಗೂ ಹೆಚ್ಚು. ಬಾಂಬೆ ಹೈ ತೈಲಕ್ಷೇತ್ರದ ಕಚ್ಚಾತೈಲ ಕೊಳವೆಯಲ್ಲೂ ಬರುತ್ತದೆ, ನಿಜ. ಅರ್ಧದಷ್ಟು ಮಾತ್ರ ಹಡಗಿನಲ್ಲಿ ಬಂತೆಂದು ಇಟ್ಟುಕೊಂಡರೂ, ಲಕ್ಷ ಟನ್ ಹೊರುವ ಟ್ಯಾಂಕರುಗಳು ವರ್ಷಕ್ಕೆ ನೂರು ಬಾರಿ ಮುಂಬಯಿ ಬಂದರಿನ ಜವಾಹರ್ ದ್ವೀಪಕ್ಕೆ ಬರಬೇಕು. ಅವು ದಾಟಿ ಬರುವ ಅರಬ್ಬಿ ಸಮುದ್ರದಲ್ಲೇ ವಲಸೆ ಹೋಗದೆ ಬದುಕುವ ಗೂನುಬೆನ್ನಿನ ತಿಮಿಂಗಿಲಗಳಿವೆ. ಒಮಾನ್ ಕರಾವಳಿಯಲ್ಲಿ ಅವುಗಳ ಅಂದಾಜು ಸಂಖ್ಯೆ ನೂರರೊಳಗೆ.

ಎಣ್ಣೆ ಸೋರಿದರೆ ವರ್ಷಗಟ್ಟಲೆ ಉಳಿಯುತ್ತದೆ. ಸದ್ದು ಹಾಗಲ್ಲ, ಎಂಜಿನ್ ನಿಂತರೆ ನಿಮಿಷಗಳಲ್ಲಿ ಮಾಯ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ತಗ್ಗಿತು, ಗದ್ದಲ 6 ಡೆಸಿಬಲ್ ಇಳಿಯಿತು. ಎಂದರೆ ಶಕ್ತಿ ಕಾಲುಭಾಗಕ್ಕೆ ಬಂತು. ಅಲ್ಲಿನ ರೈಟ್ ತಿಮಿಂಗಿಲಗಳ ಮಲ ಪರೀಕ್ಷಿಸಿದವರಿಗೆ ಒತ್ತಡದ ಹಾರ್ಮೋನೂ ಕಡಿಮೆಯಾದದ್ದು ಕಂಡಿತು.

ಹಡಗುಗಳನ್ನು ನಿಲ್ಲಿಸಬೇಕಿಲ್ಲ. ಜಗತ್ತಿನ ಹಡಗುಗಳೆಲ್ಲ ವೇಗವನ್ನು ಶೇ. 10 ತಗ್ಗಿಸಿದರೆ ಅವುಗಳ ಶಬ್ದಶಕ್ತಿ ಸುಮಾರು ಶೇ. 40 ಇಳಿಯುತ್ತದೆಂಬ ಅಂದಾಜಿದೆ. ಇಂಧನದ ಖರ್ಚೂ ಉಳಿತಾಯ. ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ 2014ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ಸದ್ದು ತಗ್ಗಿಸುವ ಮಾರ್ಗಸೂಚಿ ಮಾತ್ರ ಇನ್ನೂ ಐಚ್ಛಿಕ. ಹಾಗೆಂದರೆ ಪಾಲಿಸದಿದ್ದರೆ ಕೇಳುವವರಿಲ್ಲ. ವ್ಯಾಂಕೂವರ್ ಬಂದರು ಅದಕ್ಕೆ ಕಾಯದೆ 2017ರಿಂದಲೇ ಸದ್ದು ತಗ್ಗಿಸಿದ ಹಡಗುಗಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತಿದೆ. ಜವಾಹರ್ ದ್ವೀಪಕ್ಕೆ ಬರುವ ಟ್ಯಾಂಕರುಗಳಿಗೂ ಅಂಥದೊಂದು ರಿಯಾಯಿತಿಯನ್ನು ಮುಂಬಯಿ ಬಂದರು ಕೊಡಲಿ.