ಜೋನಿ ಬೆಲ್ಲ: ಸೋಸಿದರೆ ಖನಿಜಾಂಶ ಹೋಗುವುದೇ?

ಕಮಲಾಪುರವೆಂದರೆ ಕೆಂಪು ಬಾಳೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಕಲಬುರಗಿ ಜಿಲ್ಲೆಯ ನೀರಾವರಿ ಜಮೀನುಗಳಲ್ಲಿ ಕಬ್ಬು ಬೆಳೆದು ಗಾಣದಲ್ಲಿ ಬೆಲ್ಲ ಮಾಡುವ ರೈತರೂ ಇದ್ದಾರೆ. ಇಂತಹವರು ಅಚ್ಚುಬೆಲ್ಲದೊಡನೆ ಜೋನಿ ಬೆಲ್ಲವನ್ನೂ ತಯಾರಿಸಿ ಕಲಬುರಗಿ ನಗರದ ಗ್ರಾಹಕರಿಗೆ ನೇರವಾಗಿ ಮಾರಬಹುದು. ನೆರೆಯ ಮಹಾರಾಷ್ಟ್ರದವರು ಇದನ್ನೇ ಕಾಕವಿ ಎನ್ನುತ್ತಾರೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯೇ ಬೇರೆ, ಇದೇ ಬೇರೆ.

'ಸೋಸದ, ಮಂದವಾದ ಜೋನಿ ಬೆಲ್ಲದಲ್ಲೇ ಸತ್ವ ಹೆಚ್ಚು' ಎಂಬ ನಂಬಿಕೆ ಕೆಲವರಲ್ಲಿದೆ. ಇದು ಸರಿಯಲ್ಲ. ಕಬ್ಬಿನಲ್ಲಿರುವ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಖನಿಜಗಳ ಬಹುಪಾಲು ರಸದಲ್ಲಿ ಕರಗಿಯೇ ಇರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಅವು ಹೋಗುವುದಿಲ್ಲ. ಬಟ್ಟೆಯಲ್ಲಿ ಉಳಿಯುವುದು ಮಣ್ಣು, ಸಿಪ್ಪೆಯ ಚೂರು ಮತ್ತು ಮೇಣದ ಅಂಶ. ಖನಿಜಗಳು ನಿಜವಾಗಿ ಬೇರ್ಪಡುವುದು ಸಕ್ಕರೆ ಕಾರ್ಖಾನೆಯಲ್ಲಿ. ಅಲ್ಲಿ ಹರಳುಗಳನ್ನಷ್ಟೇ ತೆಗೆದುಕೊಂಡಾಗ ಅವು ಕಾಕಂಬಿಯಲ್ಲಿ ಉಳಿದುಬಿಡುತ್ತವೆ.

ಕೆನಡಾ ದೇಶದಲ್ಲಿ ಮೇಪಲ್ ಮರದ ರಸವನ್ನು ಕಾಯಿಸಿ ಪಾಕ ಮಾಡುತ್ತಾರೆ. ಸುಮಾರು 40 ಲೀಟರ್ ರಸಕ್ಕೆ 1 ಲೀಟರ್ ಪಾಕ ಬರುತ್ತದೆ. ಕಾಯಿಸುವಾಗ ಅಡಿಯಲ್ಲಿ ಮರಳಿನಂತೆ ಗಸಿ ಕೂಡುತ್ತದೆ. ಆ ಗಸಿಯಲ್ಲಿ ಕ್ಯಾಲ್ಸಿಯಂ ಇದ್ದರೂ ಅಲ್ಲಿಯ ರೈತರು ಅದನ್ನು ಸೋಸಿಯೇ ಮಾರುತ್ತಾರೆ. ಪಾಕ ತಿಳಿಯಾಗಿದ್ದರೆ ಮಾತ್ರ ಬೆಲೆ.

ತಯಾರಿಕೆಯ ಕ್ರಮ ಹೀಗಿದೆ:

1. ಕಬ್ಬಿನ ಒಣ ರವದಿ, ಬೇರು ಮತ್ತು ಮಣ್ಣನ್ನು ತೆಗೆದು ಅರೆಯಬೇಕು. ರಸವನ್ನು ಬಟ್ಟೆಯಲ್ಲಿ ಸೋಸಿ ಕೊಪ್ಪರಿಗೆಗೆ ಹಾಕಬೇಕು.

2. ಬೆಂಡೆಯ ಹಸಿ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದ ಲೋಳೆಯನ್ನು ಬೆರೆಸಬೇಕು. ರಸ ಕುದಿಯುವ ಮುನ್ನ ಮೇಲೆ ತೇಲುವ ಕಪ್ಪು ನೊರೆಯನ್ನು ಪೂರ್ತಿ ತೆಗೆಯಬೇಕು.

3. ಅಚ್ಚುಬೆಲ್ಲಕ್ಕೆ ಪಾಕವನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಜೋನಿ ಬೆಲ್ಲಕ್ಕೆ 105ರಿಂದ 106 ಡಿಗ್ರಿ ಸಾಕು.

4. ಹರಳುಗಟ್ಟದಂತೆ ಕ್ವಿಂಟಲ್ ಜೋನಿ ಬೆಲ್ಲಕ್ಕೆ 40 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಬೇಕು. 8ರಿಂದ 10 ದಿನ ಕದಲಿಸದೆ ಇಟ್ಟು, ಮೇಲಿನ ತಿಳಿಯನ್ನು ಬಸಿದು, ಸೋಸಿ, ಶುಚಿಯಾದ ಒಣ ಬಾಟಲಿಗಳಲ್ಲಿ ತುಂಬಬೇಕು.

ಬಣ್ಣ ಬಿಳುಪಾಗಲೆಂದು ಹೈಡ್ರೋಸ್ ಹಾಕುವುದು ಬೇಡ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿ.ಗ್ರಾಂ ಮೀರಬಾರದೆಂಬ ನಿಯಮವಿದೆ. ಕಂದು ಬಣ್ಣವೇ ಜೋನಿ ಬೆಲ್ಲದ ಸಹಜ ಬಣ್ಣ.

ಮಾರುವಾಗಲೂ ಇದ್ದುದನ್ನೇ ಹೇಳಬೇಕು. 100 ಗ್ರಾಂ ಜೋನಿ ಬೆಲ್ಲದಲ್ಲಿ ಸುಮಾರು 8ರಿಂದ 10 ಮಿ.ಗ್ರಾಂ ಕಬ್ಬಿಣಾಂಶವಿರುತ್ತದೆ, ಮಣ್ಣು ಮತ್ತು ಕೊಪ್ಪರಿಗೆಗೆ ತಕ್ಕಂತೆ ಇದು ಬದಲಾಗುತ್ತದೆ. ರೊಟ್ಟಿಯೊಡನೆ 20 ಗ್ರಾಂ ತಿಂದರೆ ಸಿಗುವುದು 2 ಮಿ.ಗ್ರಾಂ ಮಾತ್ರ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ ಬೇಕು. ಆದ್ದರಿಂದ ಸೊಪ್ಪು, ಬೇಳೆಕಾಳುಗಳ ಬದಲು ಬೆಲ್ಲವನ್ನು ನಂಬಿ ಕೂರುವಂತಿಲ್ಲ. ರಕ್ತಹೀನತೆಗೆ ಇದು ಔಷಧವಲ್ಲ. ಸಕ್ಕರೆ ಕಾಯಿಲೆಯವರಿಗೆ ಇದೂ ಸಕ್ಕರೆಯೇ.

ಔಷಧವೆಂದು ಹೇಳಿ ಮಾರಿದ ಬಾಟಲಿ ಒಮ್ಮೆ ಮಾತ್ರ ಹೋದೀತು. ಶುಚಿಯಾಗಿ ಸೋಸಿದ, ರುಚಿಯಾದ ಜೋನಿ ಬೆಲ್ಲವನ್ನು ಗ್ರಾಹಕರು ಮತ್ತೆ ಕೇಳಿ ಬರುತ್ತಾರೆ. ಕಬ್ಬು ಬೆಳೆಯುವ ರೈತರು ಮೊದಲು ಒಂದು ಕೊಪ್ಪರಿಗೆಯಷ್ಟು ಮಾಡಿ ನೋಡುವುದು ಲೇಸು.