ಒಂಬತ್ತು ಗಂಟೆಯ ಗೇಟು

ಆರನೇ ತರಗತಿಯ ನನ್ನ ಮೊಮ್ಮಗ ಯಾವುದೋ ಪುಸ್ತಕದಲ್ಲಿ ಗ್ವಾಟೆಮಾಲಾ ದೇಶದ ಟಿಕಾಲ್ ಚಿತ್ರ ನೋಡಿದ್ದ. ಕಾಡಿನ ಮರಗಳ ಮೇಲೆ ತಲೆಯೆತ್ತಿ ನಿಂತ ಮಾಯಾ ಜನರ ಕಲ್ಲುಗೋಪುರಗಳು. ‘ತಾತ, ಕಾರಲ್ಲೇ ಗಡಿ ದಾಟ್ಕೊಂಡು ನೋಡ್ತಾರಂತೆ, ನಾವೂ ಹೋಗೋಣ’ ಅಂದ. ಬ್ಯಾಂಕ್ ಗುಮಾಸ್ತನ ಪಿಂಚಣಿಗೆ ಅಮೆರಿಕ ಖಂಡ ಎಲ್ಲಿ ಎಟುಕಬೇಕು! ಆದರೆ ಆ ಜನ ಸೊನ್ನೆಗೆ ಚಿಪ್ಪಿನಂಥ ಗುರುತು ಬರೆಯುತ್ತಿದ್ದರೆಂದು ಓದಿದಾಗ, ಆಯುಷ್ಯವೆಲ್ಲ ಸೊನ್ನೆ ಎಣಿಸಿದ ನನಗೂ ಆಸೆ ಹುಟ್ಟಿತು. ‘ಪಾಳು ಊರು, ಕಾಡು, ಗಡಿ, ಮೂರೂ ನಮ್ಮ ಮಾಗಡಿಯಿಂದ ಒಂದು ದಿನದ ದಾರಿ ಕಣೋ’ ಅಂದೆ.

ಬೆಳಗಿನ ಜಾವ ನಾಲ್ಕಕ್ಕೆ ಅಳಿಯ ಕಾರು ತೆಗೆದರು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಳವಳ್ಳಿ ದಾಟಿ ಮೊದಲು ಇಳಿದದ್ದು ತಲಕಾಡಿನಲ್ಲಿ. ಟಿಕಾಲನ್ನು ಜನ ಬಿಟ್ಟುಹೋಗುತ್ತಿದ್ದ ಹತ್ತನೇ ಶತಮಾನದಲ್ಲಿ ಇದು ಗಂಗರ ರಾಜಧಾನಿ. ಅಲ್ಲಿ ಊರನ್ನು ಕಾಡು ನುಂಗಿತು, ಇಲ್ಲಿ ಕಾವೇರಿಯ ಮರಳು. ಪಾತಾಳೇಶ್ವರನನ್ನು ನೋಡಲು ಗುಂಡಿಗೆ ಇಳಿದ ಹಾಗೆ ಮೆಟ್ಟಿಲಿಳಿಯಬೇಕು. ಹುಡುಗ ಚಪ್ಪಲಿ ಬಿಚ್ಚಿ ಮರಳಲ್ಲಿ ಕಾಲು ಹೂತು, ‘ನನ್ನ ಕೆಳಗೆ ಎಷ್ಟು ಮನೆ ಇರಬಹುದು ತಾತ?’ ಅಂದ. ಬಿಕಾಂ ಲೆಕ್ಕಕ್ಕೆ ಸಿಗದ ಪ್ರಶ್ನೆ.

ಗುಂಡ್ಲುಪೇಟೆ ಆದಮೇಲೆ ಬಂಡೀಪುರದ ಕಾಡು. ಕೆಕ್ಕನಹಳ್ಳದ ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು. ನೀಲಗಿರಿ ಜಿಲ್ಲೆಗೆ ಹೊರಗಿನ ವಾಹನ ಹೋಗಲು 2024ರಿಂದ ಇ-ಪಾಸ್ ಬೇಕು. ಅಳಿಯ ಫೋನಿನಲ್ಲೇ ಮಾಡಿಟ್ಟಿದ್ದರು. ತೆಪ್ಪಕಾಡಿನ ಆನೆ ಶಿಬಿರದಲ್ಲಿ ಆನೆಗಳಿಗೂ ರಾಗಿಮುದ್ದೆ ಎಂದು ತಿಳಿದು ಹುಡುಗನಿಗೆ ಬೇಸರ. ಮನೆಯಲ್ಲಿ ಅವನು ಮುದ್ದೆ ಮುಟ್ಟುವುದಿಲ್ಲ. ಗೂಡಲೂರು ದಾಟಿ ಪಾಟವಯಲಿನಲ್ಲಿ ಇನ್ನೊಂದು ಗಡಿ. ಅಂಗಡಿ ಬೋರ್ಡುಗಳ ಅಕ್ಷರ ಮತ್ತೆ ಬದಲಾಯಿತು, ಕೇರಳ.

ಸುಲ್ತಾನ್ ಬತ್ತೇರಿಯಲ್ಲಿ ಒಂದು ಜೈನ ಬಸದಿ ಇದೆ. ಗೋಡೆ, ಕಂಬ, ಮಾಡು ಎಲ್ಲ ಕಲ್ಲು, ವಿಜಯನಗರದ ಶೈಲಿ. ಟಿಪ್ಪು ಇದರಲ್ಲಿ ಮದ್ದುಗುಂಡು ಇರಿಸಿದ್ದ, ಅದರಿಂದಲೇ ಊರಿಗೆ ಈ ಹೆಸರು. ಅದಕ್ಕೂ ಮುಂಚೆ ಜೈನರು ಇದನ್ನು ‘ಹನ್ನೆರಡು ಬೀದಿ’ ಎನ್ನುತ್ತಿದ್ದರಂತೆ. ಅಷ್ಟು ದೂರ ಹೋದಮೇಲೆ ಕನ್ನಡದ ಹೆಸರು ಸಿಕ್ಕರೆ ಯಾರಿಗೆ ಖುಷಿಯಾಗದು? ಕಂಬಗಳ ನಡುವೆ ಬಾಗಿಲು ಮುಚ್ಚುವತನಕ ಕೂತೆವು. ಆಮೇಲೆ ಚಹಾ, ಬಾಳೆಕಾಯಿ ಚಿಪ್ಸು, ಪರೋಟ. ‘ನಿಧಾನ ತಿನ್ನಿ, ಗೇಟು ಹತ್ತಕ್ಕೆ’ ಎಂದವನು ನಾನೇ.

ಗೇಟು ಒಂಬತ್ತಕ್ಕೆ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ನಾವು ತಲುಪಿದಾಗ ಒಂಬತ್ತೂ ಇಪ್ಪತ್ತು. ನೌಕರಿಯಲ್ಲಿ ಒಂದು ರೂಪಾಯಿ ತಪ್ಪಿದರೂ ರಾತ್ರಿ ಕೂತು ಹುಡುಕಿದವನಿಗೆ ಅವಮಾನವಾಯಿತು. ಆಂಬುಲೆನ್ಸಿಗೆ ವಿನಾಯಿತಿ ಉಂಟೆಂದು ಕೇಳಿದ್ದೆ. ಎದೆ ಹಿಡಿದುಕೊಂಡು, ‘ನನಗೆ ಎದೆನೋವು, ಬೇಗ ಊರಿಗೆ ಹೋಗ್ಬೇಕು’ ಅಂದೆ.

ಕಾವಲಿನ ಹುಡುಗ ನಿಜಕ್ಕೂ ಗಾಬರಿಯಾದ. ಕುರ್ಚಿ ತಂದ, ನೀರು ಕೊಟ್ಟ, ಬತ್ತೇರಿಯ ಆಸ್ಪತ್ರೆಗೆ ಫೋನ್ ಮಾಡಲು ಮೊಬೈಲ್ ತೆಗೆದ. ಮೊಮ್ಮಗ ಒಂದೂ ಮಾತಾಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ಆ ನೋಟ ತಡೆಯಲಾಗಲಿಲ್ಲ. ‘ಬೇಡಪ್ಪ, ಸುಳ್ಳು ಹೇಳಿದೆ’ ಅಂದೆ. ಅವನು ಬೈಯಲಿಲ್ಲ. ‘ಈಗ ಆನೆ ದಾಟೋ ಹೊತ್ತು ಸಾರ್’ ಎಂದಷ್ಟೇ ಹೇಳಿ ಲಾಡ್ಜಿನ ದಾರಿ ತೋರಿಸಿದ.

ಬೆಳಿಗ್ಗೆ ಆರಕ್ಕೆ ಗೇಟು ತೆರೆದಾಗ ಮೊದಲ ಕಾರು ನಮ್ಮದು. ಮೂಲೆಹೊಳೆ ಇನ್ನೂ ಮುಂದಿದೆ ಅನ್ನುವಾಗ ಅಳಿಯ ಬ್ರೇಕ್ ಹಾಕಿದರು. ಆನೆ ಇರಲಿಲ್ಲ. ರಸ್ತೆಯ ನಡುವೆ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಮುರಿದ ಬಿದಿರು, ದೊಡ್ಡ ಲದ್ದಿಯ ಹತ್ತಿರವೇ ಚಿಕ್ಕದೊಂದು. ‘ಮರಿ ಇತ್ತು’ ಅಂದ ಹುಡುಗ.

ಸ್ವಲ್ಪ ದೂರ ಹೋದಮೇಲೆ ಹಿಂದಿನ ಸೀಟಿನಿಂದ ಕೇಳಿದ: ‘ತಾತ, ಈಗ ಎದೆನೋವು ಹೇಗಿದೆ?’