ಹಗಲಿನ ಚಿಂತೆ, ರಾತ್ರಿಯೂ ಇಳಿಯದ ಬಿಪಿ

"ಉಮ್ಮಾಗೆ ಬಿಪಿ ಎಷ್ಟಿದೆ?" ಎಂದು ಕೇಳಿ ನೋಡಿ. ಮನೆಯವರೆಲ್ಲ ಒಂದೇ ಸಂಖ್ಯೆ ಹೇಳುತ್ತಾರೆ. ಹೋದ ತಿಂಗಳು ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿದ ಸಂಖ್ಯೆ ಅದು. ಆದರೆ ಬಿಪಿ ಎಂಬುದು ಆಧಾರ್ ನಂಬರಿನಂತೆ ಬದಲಾಗದೆ ಇರುವಂಥದ್ದಲ್ಲ. ದಿನದ 24 ಗಂಟೆಯಲ್ಲಿ ಅದು ಏರುತ್ತದೆ, ಇಳಿಯುತ್ತದೆ. ಈ ಏರಿಳಿತವನ್ನು ಕೆಡಿಸುವ ಕಾರಣಗಳಲ್ಲಿ ಮನಸ್ಸಿನ ಒತ್ತಡವೂ ಒಂದು.

ಒತ್ತಡ ಎಂದರೇನು ಎಂದು ಕಲಬುರಗಿಯ ಮೋಮಿನಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ನಂತರದ ವಾರಗಳಲ್ಲಿ ಮೋಮಿನಪುರ ಕಂಟೇನ್‌ಮೆಂಟ್ ವಲಯವಾಯಿತು. ಒಂದು ಕಡೆ ಕಾಯಿಲೆಯ ಭಯ, ಇನ್ನೊಂದು ಕಡೆ ನಿಂತುಹೋದ ದುಡಿಮೆ. ಆ ವರ್ಷದ ರಮಝಾನ್ ಕಳೆದದ್ದೂ ಲಾಕ್‌ಡೌನ್‌ನಲ್ಲೇ. ಮರುವರ್ಷ, 2021ರ ಅಕ್ಟೋಬರ್‌ನಲ್ಲಿ, ಅದೇ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಮತ್ತೆ ಮತ್ತೆ ಭೂಮಿ ನಡುಗಿತು. ಜನ ಮನೆಯೊಳಗೆ ಮಲಗಲು ಹೆದರಿ ಹೊರಗೆ ರಾತ್ರಿ ಕಳೆದರು.

ಇಂಥ ಭಯ ರಕ್ತದೊತ್ತಡಕ್ಕೆ ಏನು ಮಾಡುತ್ತದೆ ಎಂಬುದನ್ನು ಜಪಾನಿನ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. 1995ರ ಜನವರಿ 17ರಂದು ಕೋಬೆ ನಗರ ಮತ್ತು ಅವಾಜಿ ದ್ವೀಪದಲ್ಲಿ ಭಾರೀ ಭೂಕಂಪವಾಯಿತು. ಡಾ. ಕಝುವೋಮಿ ಕಾರಿಯೋ ಮತ್ತು ಜೊತೆಗಾರರು ಅಲ್ಲಿನ ಬಿಪಿ ರೋಗಿಗಳನ್ನು ಪರೀಕ್ಷಿಸಿದಾಗ ಭೂಕಂಪದ ನಂತರ ಬಿಪಿ ಏರಿರುವುದು ಕಂಡಿತು. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಅದು ಹಳೆಯ ಮಟ್ಟಕ್ಕೆ ಇಳಿಯಿತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದವರಲ್ಲಿ, ಅಂದರೆ ಕಿಡ್ನಿಗೆ ಆಗಲೇ ಪೆಟ್ಟು ಬಿದ್ದಿದ್ದವರಲ್ಲಿ, ಹೆಚ್ಚು ಕಾಲ ಏರಿಯೇ ಇತ್ತು.

ಭೂಕಂಪದ ಭಯ ಹೇಗೋ ಒಂದು ದಿನ ಮುಗಿಯುತ್ತದೆ. ಮುಗಿಯದ ಚಿಂತೆಗಳ ಕಥೆ ಬೇರೆ. ಸಾಲದ ಕಂತು, ಮಗಳ ಮದುವೆ, ಗಲ್ಫ್‌ನಲ್ಲಿ ಕೆಲಸ ಹೋಗಿ ಕುಳಿತ ಮಗ, ಹಾಸಿಗೆ ಹಿಡಿದ ಬಾಪ. ಇವು ಮೋಮಿನಪುರದ ಅಮ್ಮಿಯನ್ನೂ ನಮ್ಮ ಕರಾವಳಿಯ ಉಮ್ಮಾನನ್ನೂ ಒಂದೇ ರೀತಿ ಕಾಡುತ್ತವೆ.

ರಾತ್ರಿ ಇಳಿಯಲೇಬೇಕು

ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿಗೆ ಬಿಪಿ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹಗಲು ಮೇಲಿನ ಸಂಖ್ಯೆ 130 ಇದ್ದರೆ ರಾತ್ರಿ 104ರಿಂದ 117ರ ಒಳಗೆ ಬರಬೇಕು. ಹೃದಯಕ್ಕೂ ರಕ್ತನಾಳಗಳಿಗೂ ಸಿಗುವ ವಿಶ್ರಾಂತಿ ಅದೊಂದೇ. ಸುಬಹಿಯ ಹೊತ್ತಿಗೆ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ, ಎಚ್ಚರವಾಗುತ್ತಿದ್ದಂತೆ ಬಿಪಿಯೂ ಮೇಲೇರುತ್ತದೆ. ಹೃದಯಾಘಾತ, ಪಾರ್ಶ್ವವಾಯು ಬೆಳಗಿನ ಹೊತ್ತು ಹೆಚ್ಚಾಗಿ ಆಗುವುದಕ್ಕೆ ಇದೂ ಒಂದು ಕಾರಣ.

ಚಿಂತೆಯಾದಾಗ ಅಡ್ರಿನಲಿನ್ ಸುರಿದು ಹೃದಯ ಜೋರಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಗಡಿಯಲ್ಲಿ ಒಂದು ಜಗಳವಾಗಿ ಬಿಪಿ ಏರಿದರೆ ಸ್ವಲ್ಪ ಹೊತ್ತಿನಲ್ಲಿ ಇಳಿದೀತು. ಆದರೆ ಲೈಟ್ ಆಫ್ ಮಾಡಿದ ಮೇಲೂ ತಲೆಯೊಳಗೆ ಲೆಕ್ಕಾಚಾರ ನಡೆಯುತ್ತಿದ್ದರೆ, ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ, ನರಗಳು ಸಡಿಲವಾಗುವುದೇ ಇಲ್ಲ. ರಾತ್ರಿಯ ಇಳಿತ ಕಡಿಮೆಯಾಗುತ್ತದೆ.

ಹೀಗೆ ಇಳಿಯುವವರು, ಇಳಿಯದವರು ಎಂದು ರೋಗಿಗಳನ್ನು ಬೇರೆ ಮಾಡಿ ತೋರಿಸಿದ್ದು 1988ರಲ್ಲಿ, ಐರ್ಲೆಂಡಿನ ಡಾ. ಓಯಿನ್ ಓಬ್ರಿಯನ್ ಮತ್ತು ತಂಡ. ನಂತರ ಜಪಾನಿನ ಒಹಾಸಾಮ ಎಂಬ ಊರಿನ ಜನರನ್ನು ವರ್ಷಗಟ್ಟಲೆ ಗಮನಿಸಿದಾಗ, ರಾತ್ರಿಯ ಇಳಿತ ಶೇ. 5ರಷ್ಟು ಕಡಿಮೆಯಾದಂತೆಲ್ಲ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಶೇ. 20ರಷ್ಟು ಹೆಚ್ಚುತ್ತಿತ್ತು. ಹಗಲು ಬಿಪಿ ಸರಿ ಇದೆ ಎಂದು ಕಂಡವರಿಗೂ ಈ ಮಾತು ಅನ್ವಯಿಸುತ್ತಿತ್ತು.

ಎಲ್ಲವನ್ನೂ ಟೆನ್ಶನ್ ಮೇಲೆ ಹಾಕುವುದೂ ತಪ್ಪು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಉಸಿರು ಕಟ್ಟುವಂಥ ಗೊರಕೆ, ಉಪ್ಪು ಹೆಚ್ಚಾದ ಊಟ, ಇವುಗಳಿಂದಲೂ ರಾತ್ರಿ ಬಿಪಿ ಇಳಿಯುವುದಿಲ್ಲ. ನಮ್ಮ ಒಣಮೀನು, ಉಪ್ಪಿನಕಾಯಿ, ಹಪ್ಪಳವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. "ಟೆನ್ಶನ್ ಬಿಟ್ಟರೆ ಮಾತ್ರೆ ಬೇಡ" ಎಂಬ ಮಾತು ನಂಬಿ ಮಾತ್ರೆ ನಿಲ್ಲಿಸಿದವರು ಅಪಾಯಕ್ಕೆ ಕೈ ಹಾಕಿದಂತೆ.

ಒಂದು ಸಲ ನೋಡಿದರೆ ಸಾಲದು

ಕೆಲವರಿಗೆ ಡಾಕ್ಟರನ್ನು ಕಂಡ ಕೂಡಲೇ ಬಿಪಿ ಏರುತ್ತದೆ, ಮನೆಯಲ್ಲಿ ಸರಿ ಇರುತ್ತದೆ. ಇನ್ನು ಕೆಲವರದು ಇದಕ್ಕೆ ತಿರುಗ. ಕ್ಲಿನಿಕ್ಕಿನಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ಇವರೇ ಹೆಚ್ಚು ಅಪಾಯದಲ್ಲಿರುವವರು, ಏಕೆಂದರೆ ಇವರದು ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲರಿಗಿಂತ ಮೊದಲು ಎದ್ದು, ಎಲ್ಲರ ಊಟವಾದ ಮೇಲೆ ಉಂಡು, ಕೊನೆಗೆ ಮಲಗುವ ಮನೆಯ ಹೆಂಗಸರು "ನನಗೇನಾಗಿದೆ, ತಲೆನೋವೂ ಇಲ್ಲ" ಎನ್ನುತ್ತಾರೆ. ಬಿಪಿಗೆ ತಲೆನೋವು ಬರಲೇಬೇಕೆಂದಿಲ್ಲ.

24 ಗಂಟೆ ತೋಳಿಗೆ ಕಟ್ಟಿ ಬಿಡುವ ಯಂತ್ರವೊಂದಿದೆ. 15ರಿಂದ 30 ನಿಮಿಷಕ್ಕೊಮ್ಮೆ ತಾನೇ ಬಿಪಿ ಅಳೆದು ದಾಖಲಿಸುತ್ತದೆ. ಮಾತ್ರೆ ತಗೊಂಡರೂ ಬಿಪಿ ಹತೋಟಿಗೆ ಬಾರದವರು, ಸಕ್ಕರೆ ಅಥವಾ ಕಿಡ್ನಿ ತೊಂದರೆ ಇರುವವರು ಇದು ಬೇಕೇ ಎಂದು ಡಾಕ್ಟರನ್ನು ಕೇಳಬಹುದು. ಇದರಲ್ಲಿ ಹಗಲಿನ ಸರಾಸರಿ 135/85, ರಾತ್ರಿಯದು 120/70 ದಾಟಿದರೆ ಜಾಸ್ತಿ ಎಂದೇ ಲೆಕ್ಕ.

ಮನೆಯಲ್ಲಿ ಮಾಡಬಹುದಾದದ್ದು

• ಮನೆಯಲ್ಲಿ ಯಂತ್ರವಿದ್ದರೆ ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಿರಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ. ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಸರಾಸರಿ 135/85ಕ್ಕಿಂತ ಕಡಿಮೆ ಇರಬೇಕು.

• ಮಾತ್ರೆ ಬೆಳಿಗ್ಗೆಯೋ ರಾತ್ರಿಯೋ ಎಂಬ ಗೊಂದಲ ಬೇಡ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ತಪ್ಪದೆ ತಗೊಳ್ಳುವುದು ಮುಖ್ಯ. ರಮಝಾನಿನಲ್ಲಿ ಸಹರಿಗೋ ಇಫ್ತಾರಿಗೋ ಎಂಬುದನ್ನು ಉಪವಾಸ ಶುರುವಾಗುವ ಮೊದಲೇ ಡಾಕ್ಟರ ಬಳಿ ಕೇಳಿ. ನೀವೇ ಬದಲಾಯಿಸಬೇಡಿ.

• ಮಲಗುವ ಮುನ್ನ ಮೊಬೈಲು, ಹಣದ ಮಾತು, ಜಗಳ ಮೂರನ್ನೂ ಬದಿಗಿಡಿ. ಸಂಜೆ ಅರ್ಧ ಗಂಟೆ ನಡೆಯಿರಿ. ರಾತ್ರಿಯ ಊಟದಲ್ಲಿ ಉಪ್ಪು ಕಡಿಮೆ ಮಾಡಿ.

• ಬಿಪಿ 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಕಲಬುರಗಿಯವರಿಗೆ ಈಗ ಹೃದಯದ ಚಿಕಿತ್ಸೆಗೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಜಯದೇವ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಅಲ್ಲೇ ಆರಂಭವಾಗಿದೆ.

ಇನ್ನೊಂದು ಮಾತು. ಚಿಂತೆಯನ್ನು ಹೇಳಿಕೊಳ್ಳುವುದು ಈಮಾನಿನ ಕೊರತೆಯಲ್ಲ, ನಾಚಿಕೆಯ ವಿಷಯವೂ ಅಲ್ಲ. ಮನೆಯಲ್ಲಿ ಹೇಳಲಾಗದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯ ಹಿರಿಯರ ಬಿಪಿ ಎಷ್ಟು ಎಂದು ಕೇಳುವಾಗ ರಾತ್ರಿ ನಿದ್ದೆ ಬಂತಾ ಎಂದೂ ಕೇಳಿ. ಇಲ್ಲ ಎಂದರೆ ಅದನ್ನೂ ಡಾಕ್ಟರಿಗೆ ಹೇಳಿ.